ಏಳು ಜನರ ಒಕ್ಕೂಟ

ಮೊನ್ನೆ ನಮ್ಮ ಬೀದಿಯ ಔಷಧದ ಅಂಗಡಿಯವಳು ಮುಂದಿನ ವರ್ಷದ ಕ್ಯಾಲೆಂಡರು ಕೊಟ್ಟಳು. ಮನೆಗೆ ತಂದು ಮೊಳೆಗೆ ತೂಗುಹಾಕುವ ಮುನ್ನ, ಎಲ್ಲರೂ ಮಾಡುವ ಹಾಗೆ, ಮೊದಲು ರಜೆಗಳನ್ನು ನೋಡಿದೆ. ಜರ್ಮನಿಯ ಕ್ಯಾಲೆಂಡರಿನಲ್ಲಿ ರಜೆ ನೋಡುವುದು ನೀವು ತಿಳಿದಷ್ಟು ಸುಲಭವಲ್ಲ. ಕೆಂಪು ಅಂಕಿಯ ಪಕ್ಕದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿರುತ್ತವೆ, ಈ ರಜೆ ಯಾವ ಯಾವ ರಾಜ್ಯಕ್ಕೆ ಸಲ್ಲುತ್ತದೆ ಎಂದು. ಸ್ಟೂಲಿನ ಮೇಲೆ ನಿಂತು, ಕನ್ನಡಕ ಸರಿಮಾಡಿಕೊಂಡು, ನವೆಂಬರ್ ಒಂದರ ಪಕ್ಕದ ಐದು ಹೆಸರುಗಳನ್ನು ಓದಿದೆ. ನಗು ಬಂತು. ಕ್ಯಾಲೆಂಡರನ್ನು ಮೊಳೆಗೆ ಹಾಕಲಿಲ್ಲ. ಕೆಳಗಿಳಿದು ಕುಳಿತೆ.

ಇಪ್ಪತ್ತು ವರ್ಷ ದಾಟಿತು. ಆದರೂ ಆ ತಾರೀಖು ನನಗೆ ನಗುವನ್ನೂ ಅಳುಕನ್ನೂ ಒಟ್ಟಿಗೇ ತರುತ್ತದೆ. ಕಾರಣ ಹೇಳುತ್ತೇನೆ, ಆದರೆ ನಿಧಾನವಾಗಿ. ನಾನು ಒಂದು ಕಾಲದಲ್ಲಿ ಒಂದು ಸಂಘದ ಕಾರ್ಯದರ್ಶಿಯಾಗಿದ್ದವನು. ನಡಾವಳಿ ಬರೆದು ಅಭ್ಯಾಸವಾದ ಕೈ ಆದದ್ದಕ್ಕಿಂತ ಹೆಚ್ಚು ಬರೆಯಲು ಒಪ್ಪುವುದಿಲ್ಲ, ಕಡಿಮೆ ಬರೆಯಲೂ ಒಪ್ಪುವುದಿಲ್ಲ. ನೀವು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಅದು ಗ್ರೀನ್ ಕಾರ್ಡಿನ ಕಾಲ. ಅಮೆರಿಕದ್ದಲ್ಲ, ಜರ್ಮನಿಯದ್ದು. ಕಂಪ್ಯೂಟರ್ ಕೆಲಸ ಬಲ್ಲವರು ಐದು ವರ್ಷಕ್ಕೆ ಬನ್ನಿ ಎಂದು ಇಲ್ಲಿನ ಕೇಂದ್ರ ಸರ್ಕಾರ ಕರೆದಿತ್ತು. ಚಿತ್ರದುರ್ಗದವನಾದ ನಾನು, ಹೆಂಡತಿ ಸುಮಾಳನ್ನು ಕಟ್ಟಿಕೊಂಡು, ಸೇಂಟ್ ಲಿಯೋನ್-ರೋಟ್ ಎಂಬ ಊರಿಗೆ ಬಂದಿಳಿದೆ. ಹೆಸರು ಉದ್ದ, ಊರು ಗಿಡ್ಡ. ಶತಾವರಿ ಬೆಳೆಯುವ ಮರಳು ಹೊಲಗಳು ಸಾಫ್ಟ್‌ವೇರ್ ಕಚೇರಿಯ ಗಾಜಿನ ಗೋಡೆಯವರೆಗೂ ಬಂದಿದ್ದವು. ವೀಸಾದ ಕಾಗದಕ್ಕೆ ಮೊಹರು ಹಾಕಿಸಲು ಅಲ್ಲಿನ ಒಂದು ಕಚೇರಿಗೆ ಹೋದೆ. ಮೇಜಿನ ಹಿಂದಿದ್ದ ಹೆಂಗಸು ನನ್ನ ಪತ್ರವನ್ನು ಮೂರು ಸಲ ಓದಿ, ಬಹಳ ಮರ್ಯಾದೆಯಿಂದ ಹೇಳಿದಳು: "ಬರ್ಲಿನ್ ಐದು ವರ್ಷ ಎಂದಿದೆ, ನಿಜ. ಆದರೆ ಮೊಹರು ಇರುವುದು ನನ್ನ ಮೇಜಿನ ಮೇಲೆ."

ಪಿಯುಸಿಯಲ್ಲಿ ನಾನು ಕೇಂದ್ರ-ರಾಜ್ಯ ಸಂಬಂಧಗಳನ್ನು ಹತ್ತು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಮೂರರಲ್ಲೂ ಇಲ್ಲದ್ದು ಶೇಷಾಧಿಕಾರ, ಅದು ಕೇಂದ್ರಕ್ಕೆ. ಹತ್ತಕ್ಕೆ ಎಂಟು ಬಂದಿತ್ತು. ಆ ಹೆಂಗಸಿನ ಮೇಜಿನ ಮುಂದೆ ನಿಂತಾಗ ಉಳಿದ ಎರಡು ಅಂಕ ಯಾವುದಕ್ಕಿತ್ತು ಎಂದು ತಿಳಿಯಿತು. ಕಾನೂನು ಮಾಡುವವನು ಒಬ್ಬ, ಮೊಹರು ಇಟ್ಟುಕೊಂಡವನು ಇನ್ನೊಬ್ಬ. ನಡುವೆ ಕುರ್ಚಿಯ ತುದಿಯಲ್ಲಿ ಕುಳಿತವನು ನಾನು. ನಾಲ್ಕನೇ ಭೇಟಿಯಲ್ಲಿ ಮೊಹರು ಬಿತ್ತು.

ಕನ್ನಡ ಮಾತಾಡುವವರು ಸಿಗುತ್ತಾರೆಂಬ ಆಸೆಯೇ ಇರಲಿಲ್ಲ. ಸಿಕ್ಕವನು ಮಂಜ. ಮಂಡ್ಯದವನು, ಕಾರ್ಲ್ಸ್‌ರುಹೆಯ ಒಂದು ಕಂಪನಿಯಲ್ಲಿ ಕೆಲಸ. ಒಂದು ಭಾನುವಾರ ಅವನೂ ನಾನೂ ಅಲ್ಲಿನ ಟ್ರಾಮಿನಲ್ಲಿ ಕುಳಿತು ಎದುರಿನವರ ಟೋಪಿ, ನಾಯಿ, ಮೂಗು ಎಲ್ಲದರ ಮೇಲೂ ಅಭಿಪ್ರಾಯ ಕೊಡುತ್ತ ಹೋಗುತ್ತಿದ್ದೆವು. ಎದುರಿಗಿದ್ದ ಬೂದು ಕೋಟಿನ ಹೆಂಗಸು, ಐವತ್ತು ದಾಟಿದವರು, ಇಳಿಯುವ ಮುನ್ನ ನಮ್ಮ ಕಡೆ ಬಗ್ಗಿ ಹೇಳಿದರು: "ಮಕ್ಕಳೇ, ಬಾಯಿ ಸ್ವಲ್ಪ ಸಣ್ಣ ಮಾಡಿ. ಈ ಟ್ರಾಮಿನಲ್ಲಿ ಒಬ್ಬಳಿಗೆ ಅರ್ಥ ಆಗ್ತದೆ."

ಅವರೇ ಲಿಲ್ಲಿಯಕ್ಕ. ಮಂಗಳೂರಿನ ಹತ್ತಿರದ ಕ್ರೈಸ್ತ ಮನೆತನದವರು. ಹದಿನೆಂಟನೆಯ ವಯಸ್ಸಿನಲ್ಲಿ ನರ್ಸಿಂಗ್ ಕಲಿಯಲು ಬಂದವರು ಇಲ್ಲಿಯೇ ಉಳಿದರು. ಟ್ರಾಮ್ ಓಡಿಸುತ್ತಿದ್ದ ಜೋಸೆಫ್ ಎಂಬವನನ್ನು ಮದುವೆಯಾದರು. ನಾವು ನೋಡುವ ಹೊತ್ತಿಗೆ ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೂವತ್ತು ವರ್ಷ ಜರ್ಮನ್ ಮಾತಾಡಿದರೂ ಅವರ ಕನ್ನಡಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಮ್ಮನ್ನು ಕೊಂಕಣಿಯಲ್ಲಿ "ಪುತಾ" ಎನ್ನುತ್ತಿದ್ದರು, ಮಗನೇ ಎಂಬಂತೆ. ಮಂಜ ನನ್ನನ್ನು "ಗುರು" ಎನ್ನುತ್ತಿದ್ದ. ಒಂದೇ ವಾರದಲ್ಲಿ ನನಗೆ ತಾಯಿಯೂ ಶಿಷ್ಯನೂ ಸಿಕ್ಕಂತಾಯಿತು.

ಮೂರನೆಯವರು ಮೂರ್ತಿಗಳು. ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನಲ್ಲಿ ಭೌತಶಾಸ್ತ್ರಜ್ಞರು, ಮೈಸೂರಿನವರು, ನಮಗಿಂತ ಹತ್ತು ವರ್ಷ ಮೊದಲೇ ಬಂದವರು. ಸಂಘ ಕಟ್ಟಬೇಕೆಂದು ಅವರೇ ಮಿಂಚಂಚೆ ಬರೆದರು. ಇಲ್ಲಿ ಸಂಘವನ್ನು ನೋಂದಾಯಿಸಲು ಏಳು ಜನರ ಸಹಿ ಬೇಕು. ಗಾರ್ಕಿಂಗ್‌ನಿಂದ ಮೂರ್ತಿ ದಂಪತಿ ಇಬ್ಬರು, ಸೇಂಟ್ ಲಿಯೋನ್-ರೋಟ್‌ನಿಂದ ನಾವಿಬ್ಬರು, ಕಾರ್ಲ್ಸ್‌ರುಹೆಯಿಂದ ಮಂಜ, ಅವನ ಕೋಣೆಯ ಜೊತೆಗಾರ, ಮತ್ತು ಲಿಲ್ಲಿಯಕ್ಕ. ಏಳಕ್ಕೆ ಏಳು. ಒಬ್ಬರಿಗೆ ಶೀತವಾದರೆ ಸಂಘವಿಲ್ಲ.

ಏಳು ಜನ ಸೇರಿದರೆ ಬೇರೆಯವರು ಚಹಾ ಕುಡಿಯುತ್ತಾರೆ. ನಾವು ಸಂವಿಧಾನ ಬರೆದೆವು. ಮೂರ್ತಿಗಳು ರೈಲಿನಲ್ಲಿ ಬರುತ್ತಲೇ ಕರಡು ಸಿದ್ಧಪಡಿಸಿಕೊಂಡಿದ್ದರು, ಹದಿನಾಲ್ಕು ಪುಟ. ಲಿಲ್ಲಿಯಕ್ಕನ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ, ಗಾರ್ಕಿಂಗ್ ಕೇಂದ್ರ, ಉಳಿದೆರಡು ರಾಜ್ಯಗಳು ಎಂದು ವಿವರಿಸಿದರು.

"ನೀವ್ಯಾಕ್ ಸಾರ್ ಕೇಂದ್ರ?" ಎಂದ ಮಂಜ. "ಭೂಪಟದಲ್ ನೋಡಿದ್ರೆ ನೀವು ಮೂಲೇಲಿದೀರ."

"ಕೇಂದ್ರ ಅನ್ನೋದು ಭೂಗೋಳ ಅಲ್ಲ ಇವರೇ, ಅದೊಂದು ಜವಾಬ್ದಾರಿ," ಎಂದರು ಮೂರ್ತಿಗಳು.

ಅರ್ಧ ದಿನ ಪಟ್ಟಿಗಳ ಮೇಲೆ ಕಾದಾಡಿದೆವು. ರಾಯಭಾರ ಕಚೇರಿಯ ಜೊತೆ ಪತ್ರವ್ಯವಹಾರ, ಜಾಲತಾಣ, ವೇದಿಕೆಯ ಕಾರ್ಯಕ್ರಮ ಇವು ಕೇಂದ್ರಕ್ಕೆ. ಸಭಾಂಗಣ, ಅಕ್ಕಿ, ಕಾರು ನಿಲ್ಲಿಸುವ ಜಾಗ, ಅಳುವ ಮಕ್ಕಳು ಇವು ರಾಜ್ಯಕ್ಕೆ. ಬಿಸಿಬೇಳೆಬಾತು ಸಮವರ್ತಿ ಪಟ್ಟಿಗೆ ಬಂತು. ಭಿನ್ನಾಭಿಪ್ರಾಯವಾದರೆ ಕೇಂದ್ರದ ಮಾತು ನಡೆಯತಕ್ಕದ್ದು, ಅಂದರೆ ಖಾರದ ಪ್ರಮಾಣ ಗಾರ್ಕಿಂಗ್‌ನಿಂದ ನಿರ್ಧಾರವಾಗತಕ್ಕದ್ದು. ಮಂಡ್ಯ ಇದನ್ನು ಕಟುವಾಗಿ ವಿರೋಧಿಸಿ ನಡಾವಳಿಯಲ್ಲಿ ದಾಖಲಿಸಿತು. ಶೇಷಾಧಿಕಾರ ಭಾರತದಲ್ಲಿರುವಂತೆ ಕೇಂದ್ರಕ್ಕೇ ಇರಲಿ ಎಂದು ಮೂರ್ತಿಗಳು ಪಟ್ಟು ಹಿಡಿದರು. ನಾವು ಸೋತೆವು. ಎಲ್ಲ ಮುಗಿದು ಪೆನ್ನಿನ ಟೊಪ್ಪಿ ಹಾಕುವಾಗ, ಅಲ್ಲಿಯವರೆಗೂ ಒಲೆಯ ಮುಂದೆ ನಿಂತಿದ್ದ ಲಿಲ್ಲಿಯಕ್ಕ ತಿರುಗಿ ಕೇಳಿದರು:

"ಪಾತ್ರೆ ತೊಳೆಯುವುದು ಯಾವ ಪಟ್ಟಿಯಲ್ಲಿ ಉಂಟು?"

ಹದಿನಾಲ್ಕು ಪುಟ ತಿರುವಿದೆ. ಯಾವುದರಲ್ಲೂ ಇರಲಿಲ್ಲ. ಸುಮಾಳಿಗೇ ಮೊದಲು ಹೊಳೆದದ್ದು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೋಣೆಯಿಂದ ಎದ್ದು ಹೋದಳು. ಯಾವ ಪಟ್ಟಿಯಲ್ಲೂ ಇಲ್ಲದ್ದು ಶೇಷಾಧಿಕಾರ, ಶೇಷಾಧಿಕಾರ ಕೇಂದ್ರದ್ದು. ಮೂರ್ತಿಗಳು ಒಂದು ಕ್ಷಣ ಯೋಚಿಸಿ, ನಿಷ್ಠಾವಂತ ವಿಜ್ಞಾನಿಯಾದ್ದರಿಂದ ತೋಳು ಮಡಚಿದರು. ಆ ದಿನದಿಂದ ಸಂಘದ ಎಲ್ಲ ಪಾತ್ರೆಗಳನ್ನೂ ಗಾರ್ಕಿಂಗ್ ತೊಳೆಯಿತು. ಜಗತ್ತಿನ ಯಾವ ಒಕ್ಕೂಟದಲ್ಲೂ ಕೇಂದ್ರ ತನ್ನ ಅಧಿಕಾರವನ್ನು ಅಷ್ಟು ಪ್ರಾಮಾಣಿಕವಾಗಿ ಚಲಾಯಿಸಿದ್ದನ್ನು ನಾನು ಕಂಡಿಲ್ಲ.

ಆ ಸೆಪ್ಟೆಂಬರಿನಲ್ಲಿ ನಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಒಂದು ಚೀಟಿ ನೋಡಿದೆ: ನವೆಂಬರ್ ಒಂದರಂದು ಕಚೇರಿ ಮುಚ್ಚಿರುತ್ತದೆ. ನವೆಂಬರ್ ಒಂದು. ನಾನು ಎರಡು ಸಲ ಓದಿ, ಆಚೀಚೆ ನೋಡಿ, ಮಂಜನಿಗೆ ಫೋನ್ ಮಾಡಿದೆ.

"ಏನ್ ಗುರು, ನಮ್ ರಾಜ್ಯೋತ್ಸವಕ್ಕೆ ಜರ್ಮನ್ನರು ರಜಾ ಕೊಟ್ಟವ್ರಾ?" ಎಂದ. ಆಮೇಲೆ ಫೋನಿನಲ್ಲಿ ಬರೀ ಉಸಿರು. ಅವನು ಕಚೇರಿಯ ಮೆಟ್ಟಿಲ ಮೇಲೆ ಕುಣಿಯುತ್ತಿದ್ದನೆಂದು ಜೊತೆಗಾರ ಆಮೇಲೆ ಹೇಳಿದ.

ಮೂರ್ತಿಗಳು ಇನ್ನೂ ಆಳಕ್ಕೆ ಹೋದರು. ಇಡೀ ದೇಶಕ್ಕೆ ಕೇಂದ್ರ ಮಟ್ಟದಲ್ಲಿ ತೀರ್ಮಾನವಾದ ರಜೆ ಅಕ್ಟೋಬರ್ ಮೂರು ಒಂದೇ. ಉಳಿದವೆಲ್ಲ ಆಯಾ ರಾಜ್ಯದ ಕಾನೂನು. ನವೆಂಬರ್ ಒಂದು ಐದೇ ರಾಜ್ಯಗಳಲ್ಲಿ ರಜೆ, ಆ ಐದರಲ್ಲಿ ಗಾರ್ಕಿಂಗ್ ಇರುವ ಬವೇರಿಯವೂ ನಾವಿರುವ ಬಾಡೆನ್-ವ್ಯುರ್ಟೆಂಬೆರ್ಗೂ ಇವೆ. "ಒಂದು ರಾಜ್ಯದ ಹುಟ್ಟುಹಬ್ಬಕ್ಕೆ ಇನ್ನೊಂದು ರಾಜ್ಯ ರಜೆ ಕೊಡ್ತಿದೆ ನೋಡಿ. ಕೇಂದ್ರ ಕೊಟ್ಟಿದ್ರೆ ಇಷ್ಟು ಸೊಗಸಿರ್ತಿರಲಿಲ್ಲ," ಎಂದರು, ಕೇಂದ್ರವಾಗಿದ್ದೂ. ಎರಡು ವಾರ ನಾವು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಮಿಂಚಂಚೆಗಳು ಹಾರಾಡಿದವು. ನಲವತ್ತು ಜನ ಬರುತ್ತೇವೆಂದರು, ಸ್ಟುಟ್‌ಗಾರ್ಟಿನಿಂದ ಕೋಲಾಟದ ತಂಡ, ಎಲ್ಲಿಂದಲೋ ಒಂದು ಹಾರ್ಮೋನಿಯಂ.

ಇಷ್ಟೆಲ್ಲ ಕೂಗಾಟದಲ್ಲಿ, ಜರ್ಮನ್ನರಿಗೆ ಆ ದಿನ ಯಾಕೆ ರಜೆ ಎಂದು ನಾವು ಯಾರೂ ಕೇಳಲಿಲ್ಲ. ಇದನ್ನು ನಡಾವಳಿಯಲ್ಲಿ ನಾನೇ ಬರೆದಿದ್ದೇನೆ: "ಕಾರಣ ವಿಚಾರಿಸಲಾಗಲಿಲ್ಲ."

ಸಭಾಂಗಣ ಕೊಡಿಸಿದವರು ಲಿಲ್ಲಿಯಕ್ಕ. ಅವರ ಬಡಾವಣೆಯ ಇಗರ್ಜಿಯ, ಅಂದರೆ ಚರ್ಚಿನ, ಸಭಾಂಗಣ. ಅದರ ಕೀಲಿಕೈ ಅವರ ಹತ್ತಿರವೇ ಇತ್ತು, ಕೈಚೀಲದಲ್ಲಿ ಅದಕ್ಕೆಂದೇ ಒಂದು ಜೇಬು. ಇಗರ್ಜಿಯ ಗಾಯನದ ತಂಡದಲ್ಲಿ ಇಪ್ಪತ್ತೆರಡು ವರ್ಷ ಹಾಡಿದ ಮೇಲೆ ಅವರ ಕೈಗೆ ಬಂದ ಕೀಲಿಕೈ ಅದು. ಒಂದು ಸಲ ಅದನ್ನು ತೆಗೆದು ತೋರಿಸಿ ಹೇಳಿದ್ದರು: "ಪಾಸ್‌ಪೋರ್ಟ್ ಕೊಟ್ಟದ್ದು ಸರ್ಕಾರ, ಪುತಾ. ಇದನ್ನು ಕೊಟ್ಟದ್ದು ಜನ."

ಅರ್ಜಿ ತುಂಬಿದವನು ನಾನು. ನಾನು ಏನನ್ನೂ ಅರ್ಧ ಬರೆಯುವವನಲ್ಲ. ಕಾರ್ಯಕ್ರಮ: ಹಬ್ಬ. ವಿವರ: ನೃತ್ಯ, ಹಾಡು, ತಮಟೆ. ಸಮಯ: ಮಧ್ಯಾಹ್ನ ಎರಡರಿಂದ ಆರು. ಕೆಳಗೆ ಲಿಲ್ಲಿಯಕ್ಕನ ಸಹಿ.

ವಾರದೊಳಗೆ ಸಭಾಂಗಣದ ಉಸ್ತುವಾರಿಯವನು, ಹೌಸ್‌ಮೈಸ್ಟರ್ ಎನ್ನುತ್ತಾರೆ, ಆ ಹಾಳೆ ಹಿಡಿದು ಲಿಲ್ಲಿಯಕ್ಕನ ಬಾಗಿಲಿಗೆ ಬಂದ. ನವೆಂಬರ್ ಒಂದು ಸಕಲ ಸಂತರ ದಿನ. ಊರವರೆಲ್ಲ ಸಮಾಧಿಗಳಿಗೆ ಹೂವು, ದೀಪ ಇಡುವ ದಿನ. ಎರಡರಿಂದ ಮೂರರವರೆಗೆ ಪಾದ್ರಿಗಳು ಸಮಾಧಿಗಳನ್ನು ಹರಸುತ್ತಾರೆ, ಮತ್ತು ಸಮಾಧಿಗಳಿರುವುದು ಸಭಾಂಗಣದ ಹಿಂಗೋಡೆಗೆ ಹತ್ತಿದಂತೆ. ಅದೂ ಅಲ್ಲದೆ ರಾಜ್ಯದ ಕಾನೂನಿನಲ್ಲಿ ಅದು ಮೌನದ ದಿನ, ಕುಣಿತ ಕೂಡದು. ರಜೆ ಕೊಟ್ಟ ಕಾನೂನೇ ಸದ್ದನ್ನೂ ಕಿತ್ತುಕೊಂಡಿತ್ತು.

"ನಿಮಗೆ ಗೊತ್ತಿರಲಿಲ್ವಾ ಅಕ್ಕ?" ಎಂದು ಕೇಳಿದೆ.

"ದಿನ ಗೊತ್ತಿಲ್ಲದೆ ಎಂತ? ಜೋಸೆಫನಿಗೆ ದೀಪ ಇಡ್ಲಿಕ್ಕೆ ಪ್ರತಿ ವರ್ಷ ನಾನೇ ಹೋಗುವುದಲ್ವಾ? ನೀವು ಕೂತು ಹಾಡ್ತೀರಿ, ಊಟ ಮಾಡ್ತೀರಿ ಅಂತ ಮಾಡಿದೆ. ನೀನು ತಮಟೆ ಅಂತ ಬರೆದದ್ದನ್ನು ನಾನು ಓದಲಿಲ್ಲ ಪುತಾ. ನೀನು ಬರೆದದ್ದು ಅಂತ ಸಹಿ ಹಾಕಿದೆ."

ಆ ಸಂಜೆ ಫೋನಿನಲ್ಲಿ ಎರಡು ಗಂಟೆ ಸಭೆ ನಡೆಯಿತು. ಮಂಜನ ಸಲಹೆ ಸರಳವಾಗಿತ್ತು. ಪಕ್ಕದ ಹೆಸ್ಸೆನ್ ರಾಜ್ಯದಲ್ಲಿ ಆ ದಿನ ರಜೆಯೂ ಇಲ್ಲ, ಮೌನವೂ ಇಲ್ಲ. "ಮುಕ್ಕಾಲ್ ಗಂಟೆ ದಾರಿ ಗುರು. ಬಿಸಿಬೇಳೆಬಾತ್ ಡಿಕ್ಕೀಲಿ ಹಾಕ್ಕಂಡು ಗಡಿ ದಾಟಿದ್ ತಕ್ಷಣ ಮೊದಲ್ನೇ ಪಾರ್ಕಿಂಗಲ್ಲಿ ನಿಂತು ಬಡಿಯೋದೇ." ಮೂರ್ತಿಗಳು ಒಪ್ಪಲಿಲ್ಲ. ಕಾನೂನಿನಲ್ಲೇ ಒಂದು ಕಿಂಡಿಯಿದೆ ಎಂದರು. ಜನರ ಶಿಕ್ಷಣಕ್ಕಾಗಿ ನಡೆಯುವುದಕ್ಕೆ ಅನುಮತಿ ಕೇಳಬಹುದು. ಉಪನ್ಯಾಸ ತಮ್ಮದು, ವಿಷಯ ಕೇಂದ್ರ-ರಾಜ್ಯ ಸಂಬಂಧಗಳು. ಕೋಲಾಟ, ತಮಟೆ ಎಲ್ಲವೂ ಉಪನ್ಯಾಸಕ್ಕೆ ಉದಾಹರಣೆಗಳು.

"ತಮಟೆ ಯಾವುದಕ್ಕೆ ಸಾರ್ ಉದಾಹರಣೆ?"

"ರಾಜ್ಯಗಳ ಸ್ವಾಯತ್ತತೆಗೆ."

ಲಿಲ್ಲಿಯಕ್ಕ ಕೊನೆಗೆ ಒಂದೇ ಮಾತು ಹೇಳಿದರು. ಎರಡರಿಂದ ಮೂರರವರೆಗೆ ಸಭಾಂಗಣದಲ್ಲಿ ಒಂದು ಸೂಜಿಯ ಸದ್ದೂ ಆಗಬಾರದು. ಆ ಹೊತ್ತಿನಲ್ಲಿ ತಾನು ಗೋಡೆಯ ಆಚೆ ಊರವರ ಮಧ್ಯೆ ನಿಂತಿರುತ್ತೇನೆ. ಸದ್ದಾದರೆ ಅವರು ತನ್ನನ್ನು ಬೈಯುವುದಿಲ್ಲ, ಬೈಯುವ ಜನ ಅಲ್ಲ. ಕೀಲಿಕೈ ಮಾತ್ರ ವಾಪಸು ಕೇಳುತ್ತಾರೆ. "ಅದನ್ನು ಕೊಟ್ಟು ನಾನು ಮತ್ತೆ ಹದಿನೆಂಟು ವರ್ಷದ ಹುಡುಗಿ ಆಗ್ಬೇಕು. ನನಗೆ ಅಷ್ಟು ಆಯುಷ್ಯ ಇಲ್ಲ." ಮೂರರವರೆಗೆ ಸದ್ದಾಗದಂತೆ ನೋಡಿಕೊಳ್ಳುವುದು ನನ್ನ ಹೊಣೆ ಎಂದು ನಾನು ಮಾತು ಕೊಟ್ಟೆ.

ಅನುಮತಿಗೆ ನಗರದ ಕಚೇರಿಗೆ ಹೋದವನೂ ನಾನೇ. ಅಲ್ಲಿದ್ದಾಕೆ ಅರ್ಜಿ ಓದಿ, ಕನ್ನಡಕದ ಮೇಲಿನಿಂದ ನೋಡಿ, "ಇದರಿಂದ ಯಾರಾದರೂ ಏನಾದರೂ ಕಲಿಯುತ್ತಾರೆಯೆ?" ಎಂದು ಕೇಳಿದಳು. ನಾನು ಸಾಕಷ್ಟು ಹೊತ್ತು ಯೋಚಿಸಿದೆ. "ಹಾಗೆಂದು ನಂಬಿದ್ದೇನೆ," ಎಂದೆ. ಅಷ್ಟು ಹೊತ್ತು ಯೋಚಿಸಿದ್ದೇ ಅವಳಿಗೆ ಹಿಡಿಸಿತೋ ಏನೋ, ಮೂರು ಗಂಟೆಯ ನಂತರಕ್ಕೆ ಅನುಮತಿ ಕೊಟ್ಟಳು.

ಆ ದಿನ ಬಂತು. ಬಿಸಿಲಿತ್ತು, ಚಳಿಯೂ ಇತ್ತು. ಕಿಟಕಿಯಿಂದ ನೋಡಿದರೆ ಗೋಡೆಯ ಆಚೆ ಕೆಂಪು ಗಾಜಿನ ಸಣ್ಣ ದೀಪಗಳು ಸಾಲು ಸಾಲು. ಈಚೆ ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿದ ಹೆಂಗಸರು, ಹಳದಿ-ಕೆಂಪು ಶಲ್ಯಗಳು, ಇಂಗಿನ ಘಮ. ಲಿಲ್ಲಿಯಕ್ಕ ಎರಡಕ್ಕೆ ಐದು ನಿಮಿಷವಿರುವಾಗ ಬೂದು ಕೋಟು ಹಾಕಿಕೊಂಡು ಹೊರಟರು. ಬಾಗಿಲಲ್ಲಿ ಒಮ್ಮೆ ನನ್ನನ್ನು ನೋಡಿದರು.

ಮಂಜ ತಮಟೆಯನ್ನು ಹೀಟರಿಗೆ ಒರಗಿಸಿ ಕಾಯಿಸುತ್ತಿದ್ದ. ಊರಿನಿಂದ ಸೂಟ್‌ಕೇಸಿನಲ್ಲಿ ಲುಂಗಿ ಸುತ್ತಿ ತಂದ ತಮಟೆ. "ನಮ್ ತಾತ ಬಡೀತಿದ್ರು. ಕಾಲೇಜಲ್ ಮುಚ್ಚಿಟ್ಟಿದ್ದೆ ಗುರು. ಇಲ್ ಯಾರಿಗ್ ಮುಚ್ಚಿಡ್ಲಿ?" ಎಂದು ಹಿಂದಿನ ದಿನ ಹೇಳಿದ್ದ. ಮೂರ್ತಿಗಳು ಮೆಲುದನಿಯಲ್ಲಿ ಉಪನ್ಯಾಸ ಆರಂಭಿಸಿದರು. ಅರವತ್ತು ನಿಮಿಷಕ್ಕೆಂದು ಬರೆದುಕೊಂಡಿದ್ದರು. ಆದರೆ ನಲವತ್ತು ಜನ ಕನ್ನಡಿಗರು, ಮಕ್ಕಳ ಬಾಯಿಗೂ ಬಿಸ್ಕತ್ತು ತುರುಕಿ, ಒಬ್ಬರೂ ಕೆಮ್ಮದೆ, ಒಬ್ಬರೂ ಎದುರು ಮಾತಾಡದೆ ಕೂತಿರುವುದನ್ನು ಅವರು ಜೀವನದಲ್ಲಿ ಮೊದಲ ಸಲ ನೋಡಿದರು. ಗಾಬರಿಯಾದರು. ಓದುವ ವೇಗ ಹೆಚ್ಚಿತು. ಅರವತ್ತು ನಿಮಿಷದ ಒಕ್ಕೂಟ ವ್ಯವಸ್ಥೆ ಇಪ್ಪತ್ತಮೂರು ನಿಮಿಷಕ್ಕೆ ಮುಗಿದುಹೋಯಿತು. ಮುಂದೇನು ಎಂದು ತೋಚದೆ, ಗಡಿಯಾರ ನೋಡದೆ, ಕೊನೆಯ ಹಾಳೆಯಲ್ಲಿದ್ದುದನ್ನೇ ಓದಿಬಿಟ್ಟರು: "ಇದಕ್ಕೆ ಈಗ ಉದಾಹರಣೆ ನೋಡೋಣ."

ಮಂಜ ನನ್ನ ಕಡೆ ನೋಡಿದ. ನಾನು ಬೇಡ ಎಂದು ಕೈಯೆತ್ತಿದೆ. ಮೂರ್ತಿಗಳು ನನ್ನ ಕೈ ನೋಡಿ, ವೇದಿಕೆಯ ಕಾರ್ಯಕ್ರಮ ಕೇಂದ್ರ ಪಟ್ಟಿಯದಲ್ಲವೆ ಎಂಬಂತೆ ಹುಬ್ಬೇರಿಸಿದರು.

ಇಲ್ಲಿ ನಾನು ನಿಖರವಾಗಿ ಹೇಳಬೇಕು. ವೇದಿಕೆಗೆ ಎಂಟು ಹೆಜ್ಜೆ ಇತ್ತು. ಓಡಿಹೋಗಿ ತಮಟೆಯ ಮೇಲೆ ಅಂಗೈ ಇಟ್ಟಿದ್ದರೆ ಮುಗಿಯುತ್ತಿತ್ತು. ನಾನು ಓಡಲಿಲ್ಲ. ಸಂವಿಧಾನದ ಪ್ರತಿ ನನ್ನ ಕೈಯಲ್ಲಿತ್ತು. ಸಭಾಂಗಣ ರಾಜ್ಯದ್ದು, ರಾಜ್ಯದ ಮಾತು ಮೇಲು ಎಂದು ತೋರಿಸಲು ಪುಟ ತಿರುಗಿಸತೊಡಗಿದೆ. ಒಂಬತ್ತನೇ ಪುಟ ಹತ್ತನೆಯದಕ್ಕೆ ಅಂಟಿಕೊಂಡಿತ್ತು. ಬೆರಳಿಗೆ ಎಂಜಲು ಹಚ್ಚಿಕೊಂಡೆ.

ತಮಟೆಗೆ ಮೂರು ಏಟು ಬಿದ್ದವು.

ಹೀಟರಿನಲ್ಲಿ ಚೆನ್ನಾಗಿ ಕಾದ ಚರ್ಮ. ಮೂರು ಏಟೂ ಕಿಟಕಿಯ ಗಾಜನ್ನು ನಡುಗಿಸಿ ಆಚೆ ಹೋದವು. ನಾಲ್ಕನೆಯದಕ್ಕೆ ಎತ್ತಿದ ಕೈಯನ್ನು ಸುಮಾ ಹಿಡಿದಿದ್ದಳು. ಅವಳು ಯಾವ ಪುಟವನ್ನೂ ನೋಡಿರಲಿಲ್ಲ.

ಗಂಟೆ ಎರಡು ಇಪ್ಪತ್ತನಾಲ್ಕು. ನಾನು ಆಗ ಓಡಿದೆ, ಓಡಿ ಉಪಯೋಗವಿಲ್ಲದಾಗ. ಗೋಡೆಯ ಬಾಗಿಲಲ್ಲಿ ನಿಂತು ನೋಡಿದರೆ ನೂರಾರು ಜನ ದೀಪಗಳ ನಡುವೆ ಅಲುಗದೆ ನಿಂತಿದ್ದಾರೆ. ಪಾದ್ರಿಗಳ ಕೈ ಮೇಲೆತ್ತಿದ್ದಲ್ಲೇ ಇದೆ. ಲಿಲ್ಲಿಯಕ್ಕ ತಲೆ ಎತ್ತಲಿಲ್ಲ. ಅವರ ಎರಡೂ ಪಕ್ಕದಲ್ಲಿದ್ದವರು ಅವರ ಕಡೆ ನೋಡಿದರು. ಆ ನೋಟವನ್ನು ವರ್ಣಿಸಲು ನನಗೆ ಬರುವುದಿಲ್ಲ. ಅದರಲ್ಲಿ ಕೋಪವಿರಲಿಲ್ಲ. ಇವಳು ಬೇರೆ ಊರಿನವಳಲ್ಲವೆ ಎಂದು ನೆನಪಾದಂತಿತ್ತು.

ಮೂರು ಗಂಟೆಗೆ ಅವರು ಸಭಾಂಗಣಕ್ಕೆ ಬಂದರು. ಉಸ್ತುವಾರಿಯವನು ಬಾಗಿಲಲ್ಲೇ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಕೈಚೀಲದಿಂದ ಕೀಲಿಕೈ ತೆಗೆದು ಚಾಚಿದರು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇಂದು ರಜೆ," ಎಂದ. "ಕೀಲಿಕೈ ವಾಪಸು ತೆಗೆದುಕೊಳ್ಳುವುದು ಕಚೇರಿ. ಮಂಗಳವಾರ, ಒಂಬತ್ತರಿಂದ ಹನ್ನೆರಡು."

ಈ ದೇಶದ ಕಚೇರಿ ಸಮಯಗಳನ್ನು ನಾನು ಬೇಕಾದಷ್ಟು ಬೈದಿದ್ದೇನೆ. ಅಂದು ಮಾತ್ರ ಅವನ ಕಾಲು ಹಿಡಿಯಬೇಕೆನ್ನಿಸಿತು. ಲಿಲ್ಲಿಯಕ್ಕ ಕೋಟು ಬಿಚ್ಚಿ, ಏಪ್ರನ್ ಕಟ್ಟಿ, ಸುಮ್ಮನೆ ಕೂತಿದ್ದ ನಲವತ್ತು ಜನರನ್ನು ನೋಡಿದರು. "ಎಂತ ಮುಖ ಇದು? ಮೂರು ಗಂಟೆ ಆಯ್ತು, ಪರವಾನಗಿ ಉಂಟು. ಮಂಜ, ಆಗ ಬಡಿದವನು ಈಗ ಯಾಕೆ ಕೂತಿದ್ದಿ? ಬಡಿ ಮಾರಾಯ."

ಆಮೇಲಿನ ಮೂರು ಗಂಟೆಯನ್ನು ಕ್ರಮವಾಗಿ ಬರೆಯಲು ನನ್ನಿಂದ ಸಾಧ್ಯವಾಗಿಲ್ಲ. ನಡಾವಳಿಯಲ್ಲಿ ಆ ಜಾಗದಲ್ಲಿ ಸಾರಿನ ಕಲೆಯಿದೆ. ಭಯ ಮತ್ತು ತಪ್ಪಿನ ಅರಿವು ಸೇರಿದರೆ ಮನುಷ್ಯ ಅಷ್ಟು ಕುಣಿಯಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಹಾಡಿಗೂ ಮುನ್ನ ಮೂರ್ತಿಗಳು, ಕಾನೂನು ಕಾಪಾಡಲೆಂದು, ಇದು ಯಾವ ವಿಧಿಗೆ ಉದಾಹರಣೆ ಎಂದು ಘೋಷಿಸುತ್ತಿದ್ದರು. ಕೋಲಾಟ ಹಣಕಾಸು ಹಂಚಿಕೆಗೆ ಉದಾಹರಣೆಯಾಯಿತು. ಮಕ್ಕಳ ಛದ್ಮವೇಷ ಅಂ‌ತರರಾಜ್ಯ ಜಲವಿವಾದವಾಯಿತು. ಬಿದ್ದು ಬಿದ್ದು ನಕ್ಕೆವು. ನಕ್ಕಾಗಲೆಲ್ಲ ನಾನು ಅಡುಗೆಮನೆಯ ಕಡೆ ನೋಡುತ್ತಿದ್ದೆ. ಲಿಲ್ಲಿಯಕ್ಕ ಬಡಿಸುತ್ತಿದ್ದರು. ಕೊನೆಯಲ್ಲಿ ಕೇಂದ್ರ ಸರ್ಕಾರ ಮೊಣಕೈವರೆಗೆ ನೊರೆಯಲ್ಲಿ ಮುಳುಗಿ, ಮೂಗು ಒರೆಸಿಕೊಳ್ಳುತ್ತಿತ್ತು. ಸೋಪಿನ ನೊರೆಯೆಂದು ಮೂರ್ತಿಗಳು ಹೇಳಿದರು. ನಾನು ಬರೆದುಕೊಳ್ಳಲಿಲ್ಲ.

ಮಂಗಳವಾರ ಮಂಜ, ಮೂರ್ತಿಗಳು, ನಾನು, ಮೂವರೂ ರಜೆ ಹಾಕಿ ಲಿಲ್ಲಿಯಕ್ಕನ ಜೊತೆ ಹೋದೆವು. ಮೂರ್ತಿಗಳು ನಸುಕಿನ ರೈಲು ಹಿಡಿದು ಗಾರ್ಕಿಂಗ್‌ನಿಂದ ಬಂದಿದ್ದರು. ಲಿಲ್ಲಿಯಕ್ಕ ಭಾನುವಾರದ ಕೋಟು ಹಾಕಿದ್ದರು. ಇಗರ್ಜಿಯ ಕಚೇರಿಯಲ್ಲಿ ಗುಮಾಸ್ತೆ ಒಬ್ಬಳು, ಪಕ್ಕದಲ್ಲಿ ಪಾದ್ರಿಗಳು. ಲಿಲ್ಲಿಯಕ್ಕ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. ಯಾರೂ ಅದನ್ನು ಮುಟ್ಟಲಿಲ್ಲ.

ಏನಾಯಿತು ಎಂದು ಪಾದ್ರಿಗಳು ಕೇಳಿದರು. ಮೂರ್ತಿಗಳು, "ಒಕ್ಕೂಟ ವ್ಯವಸ್ಥೆಯಲ್ಲಿ..." ಎಂದು ಜರ್ಮನ್ ಭಾಷೆಯಲ್ಲಿ ಆರಂಭಿಸಿದರು. ನಾನು ಅವರ ಕಾಲು ಮೆಟ್ಟಿ, ನಡಾವಳಿ ತೆಗೆದು, ಅದನ್ನೇ ಅನುವಾದಿಸಿ ಓದಿದೆ: "ಎರಡು ಇಪ್ಪತ್ತನಾಲ್ಕಕ್ಕೆ ಮೂರು ಏಟು. ತಡೆಯುವ ಹೊಣೆ ಕಾರ್ಯದರ್ಶಿಯದು. ಆಗ ಕಾರ್ಯದರ್ಶಿ ಪುಟ ತಿರುಗಿಸುತ್ತಿದ್ದನು. ಶ್ರೀಮತಿ ಲಿಲ್ಲಿಯವರಿಗೆ ಮಾತು ಕೊಟ್ಟಿದ್ದು, ಅದು ತಪ್ಪಿತು." ಓದಿ ಮುಗಿಸಿ ಹಾಳೆಯನ್ನು ಕೀಲಿಕೈಯ ಪಕ್ಕದಲ್ಲಿಟ್ಟೆ.

ಪಾದ್ರಿಗಳು ಮಂಜನ ಕಡೆ ತಿರುಗಿ, ಅದು ಯಾವ ವಾದ್ಯ ಎಂದು ಕೇಳಿದರು. ಮಂಜನ ಜರ್ಮನ್ ಭಾಷೆ ಬೇಕರಿಗೆ ಸಾಕಾಗುವಷ್ಟು. ಇದ್ದಬದ್ದ ಪದಗಳನ್ನೆಲ್ಲ ಕೂಡಿಸಿ, ಮದುವೆಗೂ ಬಡಿಯುತ್ತಾರೆ, ಹಬ್ಬಕ್ಕೂ ಬಡಿಯುತ್ತಾರೆ, ಸತ್ತವರನ್ನು ಮಣ್ಣಿಗೆ ಒಯ್ಯುವಾಗ ಮುಂದೆ ನಡೆಯುತ್ತ ಬಡಿಯುವುದೂ ಇದನ್ನೇ ಎಂದ. ತನ್ನ ತಾತ ಬಡಿಯುತ್ತಿದ್ದರು, ತಾತ ತೀರಿಕೊಂಡಾಗ ಅವರ ಮುಂದೆ ಯಾರು ಬಡಿದರೋ ತಾನು ನೋಡಲಿಲ್ಲ, ಆಗ ಜರ್ಮನಿಯಲ್ಲಿದ್ದೆ ಎಂದ.

ಸಾಕ್ಷಿಯಾಗಿ ಒಂದು ಮಾತು ಸೇರಿಸಬೇಕು. ಅಂದು ಸಭಾಂಗಣದಲ್ಲಿ ಕೈ ಎತ್ತಿದಾಗ ಮಂಜನ ತಲೆಯಲ್ಲಿ ಸತ್ತವರಾರೂ ಇರಲಿಲ್ಲ, ರಾಜ್ಯೋತ್ಸವವಿತ್ತು. ಆದರೆ ಕಚೇರಿಯಲ್ಲಿ ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಪಾದ್ರಿಗಳು ಕೇಳಿದರು: "ಹಾಗಾದರೆ ಮೂರಕ್ಕೇ ಏಕೆ ನಿಲ್ಲಿಸಿದಿರಿ?"

ಗುಮಾಸ್ತೆ ಯಾರ ಮುಖವನ್ನೂ ನೋಡದೆ, ಬೆರಳ ತುದಿಯಿಂದ ಕೀಲಿಕೈಯನ್ನು ಲಿಲ್ಲಿಯಕ್ಕನ ಕಡೆಗೆ ತಳ್ಳಿದಳು. "ನಾಳೆ ಏಳಕ್ಕೆ ಗಾಯನದವರು ಬರುತ್ತಾರೆ," ಎಂದಳು. "ಬಾಗಿಲು ಯಾರು ತೆಗೆಯುತ್ತಾರೆ ಮತ್ತೆ?"

ಹೊರಗೆ ಬಂದು ಲಿಲ್ಲಿಯಕ್ಕ ಟ್ರಾಮ್ ನಿಲ್ದಾಣಕ್ಕೆ ನಡೆದರು. ಅಲ್ಲಿ ನಿಂತು ನಮ್ಮ ಮೂವರನ್ನೂ ಒಮ್ಮೆ ನೋಡಿದರು. "ಒಂದು ಕೀಲಿಕೈಗೆ ಮೂರು ಗಂಡಸರು ಕೆಲಸ ಬಿಟ್ಟು ಬಂದಿದ್ದೀರಿ. ಒಬ್ಬ ಆ ದಿನ ಎಂಟು ಹೆಜ್ಜೆ ಹಾಕಿದ್ರೆ ಸಾಕಿತ್ತು." ಆಮೇಲೆ ನಕ್ಕರು. ಅವರು ನಕ್ಕಮೇಲೆ ನಾವೂ ನಕ್ಕೆವು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು, ಒಂದು ಟ್ರಾಮ್ ಬಂದು ಹೋದದ್ದು ಗೊತ್ತಾಗದಷ್ಟು.

ಆ ಸಂಘ ಈಗ ಬೇರೆ ದೊಡ್ಡ ಸಂಘದಲ್ಲಿ ಸೇರಿಹೋಗಿದೆ. ರಾಜ್ಯೋತ್ಸವವನ್ನು ಅನುಕೂಲವಾದ ಒಂದು ಶನಿವಾರ ಮಾಡುತ್ತಾರೆ, ಯಾವ ರಾಜ್ಯದ ಕಾನೂನೂ ಅಡ್ಡ ಬರುವುದಿಲ್ಲ. ಮಂಜ ಕೆನಡಾದಲ್ಲಿದ್ದಾನೆ. ಮೂರ್ತಿಗಳು ನಿವೃತ್ತರು. ಲಿಲ್ಲಿಯಕ್ಕನಿಗೆ ವಯಸ್ಸಾಗಿದೆ, ಅದೇ ಬಡಾವಣೆಯ ವೃದ್ಧರ ಮನೆಯಲ್ಲಿದ್ದಾರೆ.

ನಿನ್ನೆ, ಇದನ್ನು ಇಲ್ಲಿಯವರೆಗೆ ಬರೆದು ಇಟ್ಟಿದ್ದಾಗ, ಅವರ ಫೋನ್ ಬಂತು.

"ಪುತಾ, ಮೊಣಕಾಲು ಮಾತು ಕೇಳುವುದಿಲ್ಲ. ಈ ಸಲ ನವೆಂಬರ್ ಒಂದಕ್ಕೆ ಜೋಸೆಫನಿಗೆ ದೀಪ ಇಡ್ಲಿಕ್ಕೆ ಹೋಗುವಾಗ ಹಿಡಿದುಕೊಳ್ಳಲು ಒಂದು ಕೈ ಬೇಕಿತ್ತು. ನಿನಗೆ ಪುರುಸೊತ್ತು ಉಂಟಾ? ನಿಧಾನ ನೋಡಿ ಹೇಳು."

"ಬರ್ತೀನಿ ಅಕ್ಕ," ಎಂದೆ.

"ಏನನ್ನೂ ನೋಡದೆ ಹೇಳಿದ್ದಾ?"

"ಹೂಂ."

"ಹುಷಾರಿದ್ದಿ ಅಲ್ವಾ ನೀನು?"

ಫೋನ್ ಇಟ್ಟಮೇಲೆ ರೈಲಿನ ಸಮಯ ನೋಡಿದೆ. ಆ ದಿನ ನಮ್ಮ ಮಾರ್ಗದಲ್ಲಿ ಹಳಿ ದುರಸ್ತಿಯಂತೆ, ರೈಲೇ ಇಲ್ಲ. ಬದಲಿಗೆ ಬಸ್ಸು ಬಿಡುತ್ತಾರಂತೆ, ಎಲ್ಲಿಂದ ಎಂದು ಬರೆದಿಲ್ಲ. ರೈಲು ಕೇಂದ್ರದ್ದು, ಬಸ್ಸು ಯಾರದ್ದೋ. ನಾನು ಕೇಳಲು ಹೋಗುವುದಿಲ್ಲ. ಯಾವುದು ಮೊದಲು ಬರುತ್ತದೋ ಅದನ್ನು ಹತ್ತುತ್ತೇನೆ.